ಕುಡಿತ ಅಂತ ಬರೆದವಳು ನಾನೇ

ಹೊಸದಾಗಿ ರಿಸರ್ಚ್ ಡ್ಯೂಟಿಗೆ ಬಿದ್ದ ಹುಡುಗಿಯರು ಎಲ್ಲಾದರೂ ಸಿಕ್ಕರೆ ಮೊದಲು ಕೇಳುವುದು ಒಂದೇ ಮಾತು. 'ಸಿಸ್ಟರ್, ವಾರ್ಡಿಗಿಂತ ಇದು ಆರಾಮಂತೆ, ಹೌದಾ? ಇಂಜೆಕ್ಷನ್ ಇಲ್ಲ, ಬೆಡ್‌ಪ್ಯಾನ್ ಇಲ್ಲ, ಫಾರಂ ತುಂಬಿಸಿಬಿಟ್ರೆ ಆಯ್ತಂತೆ.' ಆಗ ನನಗೆ ಬರುವ ಸಿಟ್ಟು ನನಗೇ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಪರರ ಮಕ್ಕಳಿಗೆ ಬಯ್ಯೋಕಾಗುತ್ತಾ? ಸುಮ್ಮನೆ ನಕ್ಕು ಮನೆಗೆ ಬರುತ್ತೇನೆ. ಬಂದ ಮೇಲೂ ಆ 'ಆರಾಮ' ಅನ್ನುವ ಮಾತು ತಲೆಯೊಳಗೆ ಕೊರೆಯುತ್ತಲೇ ಇರುತ್ತದೆ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಬಯ್ಗುಳ ಅಂತಲೇ ತಿಳಿದುಕೊಳ್ಳಿ, ಬೇಜಾರಿಲ್ಲ. ಓದಿದರೆ ಸಾಕು.

ನಾನು ಕುಶಾಲನಗರದ ಹತ್ತಿರದ ಹಳ್ಳಿಯವಳು. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿ, ಹೆರಿಗೆ ವಾರ್ಡು, ಸರ್ಜರಿ ವಾರ್ಡು, ಕ್ಯಾಶುವಾಲ್ಟಿ ಎಲ್ಲ ಕಡೆ ಸವೆದೆ. ಯಾವಾಗ ಹೆಡ್ ನರ್ಸ್ ಆದೆ, ಯಾರು ನನ್ನನ್ನು ಹಿಂದೆ ಹಾಕಿ ಮೇಲೆ ಹೋದರು ಅನ್ನುವುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ, ಬೇಕಾದವರು ಅಲ್ಲಿ ಓದಿಕೊಳ್ಳಲಿ. ಕೊನೆಯ ಕೆಲವು ವರ್ಷ ನನ್ನನ್ನು ಒಂದು ಅಧ್ಯಯನಕ್ಕೆ ಹಾಕಿದರು. ಆಸ್ಪತ್ರೆಯ ಹೆಸರು ಬೇಡ. ಅಧ್ಯಯನ ಮೇದೋಜ್ಜೀರಕ ಗ್ರಂಥಿಯ ಉರಿಯೂತದ ಮೇಲೆ, ಅಂದರೆ ವಾರ್ಡಿನಲ್ಲಿ ನಾವೆಲ್ಲ 'ಪ್ಯಾಂಕ್ರಿಯಾಸ್ ಕೇಸು' ಅನ್ನುತ್ತಿದ್ದೆವಲ್ಲ, ಅದು.

ಆ ಕಾಯಿಲೆ ನೋಡದವರಿಗೆ ಎರಡು ಮಾತು ಹೇಳಬೇಕು. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡ ಹಾಗೆ ಒಂದು ಗ್ರಂಥಿ ಇದೆ. ಉಂಡದ್ದನ್ನು ಕರಗಿಸುವ ರಸವನ್ನು ಅದು ಕರುಳಿಗೆ ಬಿಡಬೇಕು. ಏನೋ ಕೆಟ್ಟು ಆ ರಸ ಗ್ರಂಥಿಯೊಳಗೇ ಕೆಲಸ ಶುರು ಮಾಡಿತು ಅಂದರೆ, ಗ್ರಂಥಿ ತನ್ನನ್ನು ತಾನೇ ಕರಗಿಸಿಕೊಳ್ಳುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ರೋಗಿ ಬಂದರೆ ಬಾಗಿಲಲ್ಲೇ ಗೊತ್ತಾಗುತ್ತದೆ. ಮಲಗುವುದಿಲ್ಲ, ಮುಂದಕ್ಕೆ ಬಾಗಿ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿರುತ್ತಾರೆ. ನೋವು ಬೆನ್ನಿಗೆ ಹೊಡೆಯುತ್ತದೆ ಅನ್ನುತ್ತಾರೆ. ಹೆಚ್ಚಿನವರು ವಾರದೊಳಗೆ ಎದ್ದು ಮನೆಗೆ ಹೋಗುತ್ತಾರೆ. ಕೆಲವರಿಗೆ ಮಾತ್ರ ಎರಡು ಮೂರು ದಿನದಲ್ಲಿ ಉಸಿರು ಏರುತ್ತದೆ, ಮೂತ್ರ ನಿಲ್ಲುತ್ತದೆ, ಆಮೇಲೆ ದೇವರೇ ಗತಿ. ಯಾರು ಎದ್ದು ಹೋಗುವವರು, ಯಾರು ಹೋಗದವರು ಅಂತ ಮೊದಲ ದಿನ ಮುಖ ನೋಡಿ ಹೇಳಲು ಬರುವುದಿಲ್ಲ. ನನ್ನನ್ನು ಹೆದರಿಸುತ್ತಿದ್ದದ್ದೇ ಅದು. ಬೆಳಿಗ್ಗೆ ಡ್ಯೂಟಿಗೆ ಹೋಗಿ ವಾರ್ಡಿನ ಬಾಗಿಲು ತಳ್ಳುವಾಗ, ನಿನ್ನೆ ಮಾತಾಡಿದವರ ಮಂಚ ಖಾಲಿ ಇರುತ್ತೋ ಏನೋ ಅಂತ ಮೊದಲು ಅತ್ತಲೇ ನೋಡುತ್ತಿದ್ದೆ.

ಅಧ್ಯಯನದ ಮುಖ್ಯಸ್ಥರು ಡಾಕ್ಟರ್ ಶ್ರೀಪತಿ. ಕೂಗಾಡುವ ಡಾಕ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರಿಗೆಲ್ಲ ನಾನೂ ತಿರುಗಿ ಕೂಗಿದ್ದೇನೆ. ಇವರು ದನಿ ಏರಿಸಿದವರೇ ಅಲ್ಲ. ತಪ್ಪು ಮಾಡಿದರೆ ಕನ್ನಡಕ ತೆಗೆದು ನಿಮ್ಮನ್ನು ನೋಡುತ್ತಾ ಕೂರುತ್ತಿದ್ದರು, ಅಷ್ಟೇ. ಅದಕ್ಕಿಂತ ಎರಡು ಬಯ್ದಿದ್ದರೆ ವಾಸಿ ಅನ್ನಿಸುತ್ತಿತ್ತು. ಮೊದಲ ದಿನವೇ ಕರೆದು ಹೇಳಿದರು:

'ಸಿಸ್ಟರ್, ಕಾಯಿಲೆ ಯಾವುದು ಅಂತ ರಕ್ತಪರೀಕ್ಷೆ ಹೇಳುತ್ತೆ. ಯಾಕೆ ಬಂತು ಅನ್ನೋದನ್ನ ರೋಗಿಯೇ ಹೇಳ್ಬೇಕು. ನೀವು ಕೇಳ್ಬೇಕು. ಕುಡಿತ, ಪಿತ್ತಕೋಶದ ಕಲ್ಲು, ರಕ್ತದಲ್ಲಿ ಕೊಬ್ಬು, ಯಾವುದೋ ಮಾತ್ರೆ, ಹೊಟ್ಟೆಗೆ ಬಿದ್ದ ಏಟು, ಚೇಳು ಕಡಿದದ್ದು, ಎಲ್ಲ ಕೇಳಿ. ಬೀಡಿ ಸೇದ್ತಾರಾ ಕೇಳಿ. ಏನೂ ಸಿಗದಿದ್ರೆ ಗೊತ್ತಾಗಲಿಲ್ಲ ಅಂತ ಬರೀರಿ. ಅದು ನಾಚಿಕೆ ವಿಷಯ ಅಲ್ಲ.'

'ಗೊತ್ತಾಗಲಿಲ್ಲ' ಅಂತ ಬರೆಯಲು ನನಗೆ ಮಾತ್ರ ನಾಚಿಕೆಯೇ ಆಗುತ್ತಿತ್ತು. ಅಷ್ಟು ವರ್ಷ ಸರ್ವಿಸ್ ಮಾಡಿದವಳಿಗೆ ಗೊತ್ತಾಗಲಿಲ್ಲ ಅಂದರೆ ಏನರ್ಥ?

ಮೊದಲ ವರ್ಷದ ಒಂದು ಕೇಸು ಹೇಳುತ್ತೇನೆ. ಪಾಲಿಬೆಟ್ಟದ ಕಡೆಯ ಎಸ್ಟೇಟಿನಿಂದ ಮುರುಗನ್ ಅನ್ನುವ ಕೆಲಸದಾಳನ್ನು ಜೀಪಿನಲ್ಲಿ ಹಾಕಿಕೊಂಡು ತಂದರು. ಜೊತೆಗೆ ಅವನ ಹೆಂಡತಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ನಾನು ಮುರುಗನ್‌ನನ್ನು ಕೇಳಿದ ಒಂದೊಂದು ಪ್ರಶ್ನೆಗೂ ರೈಟರೇ ಉತ್ತರ ಕೊಟ್ಟರು. ಕುಡಿಯುತ್ತಾನಾ ಅಂದೆ. 'ಅಯ್ಯೋ ಬರ್ಕೊಳ್ಳಿ ಸಿಸ್ಟರ್. ಲೈನ್‌ಮನೇಲಿ ಇರೋ ಕೂಲಿಯೋರನ್ನ ಅದನ್ನ ಬೇರೆ ಕೇಳ್ಬೇಕಾ?' ಅಂದು ನಕ್ಕರು. ನಾನೂ ನಕ್ಕೆ, ಬರೆದೆ. ಆಮೇಲೆ ಹೆಂಡತಿಯನ್ನು ಬೇರೆ ಕರೆದು ಕೇಳಿದಾಗ ಅವಳೂ ಹೌದೆಂದಳು, ದಿನಾ ಕುಡಿಯುತ್ತಾನೆ, ಸಂಬಳದ ದಿನ ಇನ್ನೂ ಜಾಸ್ತಿ ಅಂದಳು. ಮೂರನೇ ದಿನ ಮುರುಗನ್‌ಗೆ ಉಸಿರು ಏರಿತು. ನನ್ನ ಕೈ ಹಿಡಿದುಕೊಂಡು ತಮಿಳಿನಲ್ಲಿ 'ಅಕ್ಕಾ, ಭಯಮಾ ಇರುಕ್ಕು' ಅಂದ. ಭಯ ಅನ್ನುವ ಮಾತಿಗೆ ಅನುವಾದ ಬೇಕಾಗಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಹೋದ. ಇನ್ನೂ ಮೂವತ್ತಾಗಿರಲಿಲ್ಲ.

ಆ ಸಾವು ನನ್ನನ್ನು ಅಲ್ಲಾಡಿಸಿತು, ನಿಜ. ಆದರೆ ಅದರಿಂದ ನಾನು ಕಲಿತದ್ದು ತಪ್ಪು ಪಾಠ. ರೈಟರ್ ಹೇಳಿದ್ದು ಸರಿಯಿತ್ತು, ನಾನು ಊಹಿಸಿದ್ದೂ ಸರಿಯಿತ್ತು. ಓಹೋ, ಇದೆಲ್ಲ ಮುಖ ನೋಡಿದರೇ ಗೊತ್ತಾಗುತ್ತೆ ಅಂದುಕೊಂಡೆ. ನಮ್ಮ ಕೊಡಗಿನಲ್ಲಿ ಕುಡಿತ ಮದುವೆಗೂ ಇರುತ್ತದೆ, ಸಾವಿಗೂ ಇರುತ್ತದೆ, ಹಬ್ಬಕ್ಕಂತೂ ಕೇಳುವುದೇ ಬೇಡ. ಹೊಟ್ಟೆ ಹಿಡಿದುಕೊಂಡು ಗಂಡಸು ಬಂದರೆ ಇನ್ನೇನಿರುತ್ತದೆ?

ಆ ದಿನಗಳಲ್ಲಿ ಈ ಕಾಯಿಲೆಗೆ ಉಪವಾಸವೇ ಔಷಧಿ. ಬಾಯಿಗೆ ನೀರೂ ಇಲ್ಲ, ಮೂಗಿಗೆ ನಳಿಗೆ, ಕೈಗೆ ಡ್ರಿಪ್ಪು. ಗ್ರಂಥಿಗೆ ರೆಸ್ಟ್ ಕೊಡಬೇಕು ಅಂತ ನಮಗೆ ಕಲಿಸಿದ್ದರು. ಚೆಟ್ಟಳ್ಳಿಯಿಂದ ಕಾಫಿ ಕುಯ್ಯುವ ಹೆಂಗಸೊಬ್ಬಳು ಬಂದಿದ್ದಳು, ಪಿತ್ತಕೋಶದ ಕಲ್ಲಿನಿಂದ ಆದದ್ದು. ಐದನೇ ದಿನ ನೋವು ಪೂರ್ತಿ ಹೋಗಿತ್ತು, 'ಒಂದು ಲೋಟ ಗಂಜಿ ಕೊಡಿ ತಾಯಿ' ಅಂತ ಅಂಗಲಾಚಿದಳು. ನಾನು ಕೊಡಲಿಲ್ಲ. ಅವಳ ದಿಂಬಿನಡಿ ಯಾರೋ ತಂದಿಟ್ಟ ರಸ್ಕು ಸಿಕ್ಕಿತು. ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದು, ಸಾಯಬೇಕು ಅಂತ ಆಸೆಯಾ ನಿಂಗೆ ಅಂತ ಇಡೀ ವಾರ್ಡಿಗೆ ಕೇಳುವ ಹಾಗೆ ಬಯ್ದೆ. ಎರಡು ವರ್ಷ ಕಳೆಯುವುದರೊಳಗೆ ಡಾಕ್ಟರ್ ಶ್ರೀಪತಿ ಹೊಸ ಪದ್ಧತಿ ತಂದರು. ನೋವು ಇಳಿದು ಹಸಿವು ಅಂದರೆ ಅವತ್ತೇ ಮೆತ್ತಗಿನ ಊಟ ಕೊಡಬೇಕು, ಕರುಳನ್ನು ಖಾಲಿ ಬಿಟ್ಟರೆ ಅಲ್ಲಿಂದಲೇ ಸೋಂಕು ಹಬ್ಬುವ ಭಯ ಜಾಸ್ತಿ ಅಂದರು. ಎಲ್ಲರಿಗೂ ಒಂದೇ ಸಮ ಆಂಟಿಬಯೋಟಿಕ್ ಚುಚ್ಚುವುದೂ ನಿಂತಿತು.

'ಹಂಗಾದ್ರೆ ನಿನ್ನೆವರೆಗೆ ಮಾಡಿದ್ದು ತಪ್ಪಾ ಸರ್?' ಅಂತ ಕೇಳಿದೆ, ಸ್ವಲ್ಪ ಜೋರಾಗಿಯೇ.

'ನಿನ್ನೆವರೆಗೆ ನಮಗೆ ಗೊತ್ತಿದ್ದದ್ದು ಅಷ್ಟೇ ಸಿಸ್ಟರ್. ಇಂಥ ಫಾರಂಗಳಿಂದಲೇ ಗೊತ್ತಾಗಿದ್ದು, ಬೇರೆ ಬೇರೆ ಊರಿನ ನಿಮ್ಮಂಥೋರು ತುಂಬಿಸಿದ್ದರಿಂದ' ಅಂದರು.

ಆ ತಪ್ಪನ್ನು ನಾನು ಹೇಗೋ ನುಂಗಿಕೊಂಡೆ. ಅದು ಎಲ್ಲರೂ ಸೇರಿ ಮಾಡಿದ್ದು, ಪುಸ್ತಕದಲ್ಲಿ ಇದ್ದದ್ದು. ಈಗ ಹೇಳಹೊರಟಿರುವುದು ನಾನೊಬ್ಬಳೇ ಮಾಡಿದ್ದು.

ಫಾರಂ ಅಂದೆನಲ್ಲ, ಅದರಲ್ಲಿ ಕುಡಿತದ ಬಗ್ಗೆಯೇ ಒಂದು ಪುಟ. ಕಳೆದ ಏಳು ದಿನದಲ್ಲಿ ಕುಡಿದಿದ್ದೀರಾ, ಹೌದು, ಇಲ್ಲ. ಏನು, ಎಷ್ಟು, ವಾರಕ್ಕೆ ಎಷ್ಟು ದಿನ, ಎಷ್ಟು ವರ್ಷದಿಂದ. ಉತ್ತರ ಬರೆಯುವ ಚೌಕದ ಒಂದು ಮನೆ ಖಾಲಿ ಬಿಟ್ಟರೂ ಫಾರಂ ಅಧ್ಯಯನದ ಆಫೀಸಿನಿಂದ ಕೆಂಪು ಸುತ್ತು ಹಾಕಿಸಿಕೊಂಡು ವಾಪಸ್ ಬರುತ್ತಿತ್ತು. ನನ್ನ ಹೆಸರಿನಲ್ಲಿ ವಾಪಸ್ ಬರಬಾರದು ಅನ್ನುವ ಹಠ ನನಗೆ. ಕೇಳಲು ಮರೆತದ್ದು, ಹೊತ್ತು ಸಾಲದೆ ಬಿಟ್ಟದ್ದು ಇದ್ದರೆ ಸಂಜೆ ಕೂತು ಅಂದಾಜಿನಲ್ಲಿ ತುಂಬಿಸುತ್ತಿದ್ದೆ. ದಿನಾ ಕುಡಿಯುವವನು ಎಷ್ಟು ಕುಡಿಯುತ್ತಾನೆ ಅಂತ ನಮಗೆ ಗೊತ್ತಿಲ್ಲವಾ? 'ನೋಡಿ, ಸಿಸ್ಟರ್ ಫಾರಂ ಎಷ್ಟು ನೀಟು' ಅಂತ ಡಾಕ್ಟರ್ ಶ್ರೀಪತಿ ಮೀಟಿಂಗಿನಲ್ಲಿ ಎಲ್ಲರೆದುರು ತೋರಿಸಿದ್ದರು. ನಾನು ಉಬ್ಬಿಹೋಗಿದ್ದೆ.

ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಇತ್ತು. ಮಾದಾಪುರದ ಹತ್ತಿರದಿಂದ ತಮ್ಮಯ್ಯ ಅನ್ನುವವರು ಅಡ್ಮಿಟ್ ಆದರು. ಅರೆಭಾಷೆ ಮಾತಾಡುವ ಗೌಡರು, ಐವತ್ತು ದಾಟಿದ ಮನುಷ್ಯ, ಸ್ವಲ್ಪ ಕಾಫಿ ತೋಟ, ಏಲಕ್ಕಿ. ಮಾತು ಕಡಿಮೆ. ಜೊತೆಯಲ್ಲಿ ಹೆಂಡತಿ ಲೀಲಕ್ಕ. ಅದೇ ನೋವು, ಅದೇ ಬಾಗಿ ಕೂರುವುದು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಸ್ಕ್ಯಾನಿಂಗ್ ಮಾಡಿದವರು ಹೊಟ್ಟೆಯಲ್ಲಿ ಗ್ಯಾಸ್ ತುಂಬಿದೆ, ಪಿತ್ತಕೋಶ ಸರಿಯಾಗಿ ಕಾಣುತ್ತಿಲ್ಲ, ನೋವು ಇಳಿದ ಮೇಲೆ ಇನ್ನೊಂದು ಸಲ ನೋಡಬೇಕು ಅಂತ ಬರೆದರು. ನಾನು ಫಾರಂ ಹಿಡಿದು ಹೋದೆ. ಅವತ್ತು ಮೂರು ಹೊಸ ಕೇಸು, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

'ಕಳೆದ ಏಳು ದಿನದಲ್ಲಿ ಕುಡಿದಿದ್ದೀರಾ?'

ತಮ್ಮಯ್ಯ ತಲೆ ತಗ್ಗಿಸಿದರು. ಆಮೇಲೆ 'ಹೌದು' ಅಂದರು.

'ಏನು?'

'ಬ್ರಾಂದಿ.'

ಅಷ್ಟರಲ್ಲಿ ಪಕ್ಕದ ಮಂಚದವರು ವಾಂತಿ ಮಾಡಿಕೊಂಡರು, ನಾನು ಆ ಕಡೆ ಓಡಿದೆ. ವಾಪಸ್ ಬಂದು ಮುಂದಿನ ಪ್ರಶ್ನೆ ಕೇಳಲಿಲ್ಲ. ಸಂಜೆ ಮೇಜಿನ ಮುಂದೆ ಕೂತು ಉಳಿದ ಮನೆಗಳನ್ನೆಲ್ಲ ತುಂಬಿಸಿದೆ. ವಾರಕ್ಕೆ ನಾಲ್ಕೈದು ದಿನ. ಇಪ್ಪತ್ತು ವರ್ಷದಿಂದ. ಕಾರಣ: ಕುಡಿತ. ಚಂದದ ಅಕ್ಷರ.

ಆರನೇ ದಿನ ಡಿಸ್ಚಾರ್ಜ್. ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರ್ ಕೇಸ್‌ಶೀಟ್ ತಿರುಗಿಸುತ್ತಾ, 'ಸಿಸ್ಟರ್, ಇವ್ರದ್ದು ಆಲ್ಕೋಹಾಲ್ ಅಲ್ವಾ? ಹಂಗಾದ್ರೆ ಸ್ಕ್ಯಾನಿಂಗ್ ರಿಪೀಟ್ ಬೇಡ, ಕಾರಣ ಸಿಕ್ಕಿದೆಯಲ್ಲ' ಅಂದರು. ನಾನು ತಲೆಯಾಡಿಸಿದೆ. ಆ ಒಂದು ತಲೆಯಾಡಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವ ಹಾಗಿದ್ದರೆ ನಾನು ಏನು ಬೇಕಾದರೂ ಕೊಟ್ಟೇನು. ಆಮೇಲೆ ತಮ್ಮಯ್ಯನವರನ್ನು ಕೂರಿಸಿಕೊಂಡು, ಇನ್ನು ಬಾಟಲಿ ಮುಟ್ಟಿದರೆ ಹೆಣವಾಗಿ ಹೋಗ್ತೀರಿ ಅಂತ ದೊಡ್ಡ ಭಾಷಣ ಮಾಡಿದೆ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು. ಲೀಲಕ್ಕ ಮಾತ್ರ ನನ್ನ ಹಿಂದೆಯೇ ಕಾರಿಡಾರಿಗೆ ಬಂದರು.

'ಸಿಸ್ಟರ್, ಇವ್ರು ಕುಡಿಯುವೋರಲ್ಲ.'

'ಅಕ್ಕಾ, ಎಲ್ಲ ಹೆಂಡ್ತಿಯರೂ ನಂಗೆ ಇದನ್ನೇ ಹೇಳೋದು. ಅವರೇ ಬಾಯಿಬಿಟ್ಟು ಹೇಳಿದ್ದಾರೆ, ನೀವ್ಯಾಕೆ ಮುಚ್ಚಿಡ್ತೀರಿ?' ಅಂದೆ. ಅಂದು ನಕ್ಕೆ ಬೇರೆ.

ಅವರ ಮುಖ ಕೆಂಪಾಯಿತು. ಚೀಲ ತೆಗೆದುಕೊಂಡು ಗಂಡನ ಹಿಂದೆ ಹೋದರು.

ಮೂವತ್ತನೇ ದಿನ ಮನೆಗೆ ಫೋನ್ ಮಾಡಿ ರೋಗಿ ಹೇಗಿದ್ದಾರೆ ಅಂತ ಬರೆಯುವುದು ನಮ್ಮ ಅಧ್ಯಯನದ ನಿಯಮ. ಈ ಕೆಲಸದಲ್ಲಿ ನನಗೆ ಅತಿ ಹೆದರಿಕೆಯದ್ದು ಅದೇ. ಎಷ್ಟೋ ಸಲ ರೋಗಿಯೇ ಎತ್ತಿ 'ಹಲೋ' ಅಂದಾಗ ಮಾತು ಹೊರಡದೆ ನಿಂತಿದ್ದೇನೆ. ತಮ್ಮಯ್ಯನವರ ನಂಬರಿಗೆ ಮೂರು ದಿನ ಹಚ್ಚಿದೆ, ಸಿಗಲಿಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲದ ಜಾಗ ಬೇಕಾದಷ್ಟಿದೆ ಅಂತ ಸಮಾಧಾನ ಮಾಡಿಕೊಂಡರೂ ಗಂಟೆಗೊಮ್ಮೆ ಮತ್ತೆ ಹಚ್ಚಿ ನೋಡುತ್ತಿದ್ದೆ. ನಾಲ್ಕನೇ ದಿನ ಲೀಲಕ್ಕ ಎತ್ತಿದರು.

'ಇದ್ದಾರೆ. ಊಟ ಸೇರ್ತಿಲ್ಲ. ಉಂಡ್ರೆ ನೋವು. ಆಸ್ಪತ್ರೆಗೆ ಹೋಗುವ ಅಂದ್ರೆ ಒಪ್ಪೂದಿಲ್ಲ. ಕುಡುಕ ಅನ್ನಿಸಿಕೊಂಡದ್ದು ಒಂದು ಸಲ ಸಾಕಂತೆ' ಅಂದರು. ಫೋನ್ ಕಟ್ಟಾಯಿತು.

ಫೋನಿನಲ್ಲಿ ಮಾಹಿತಿ ಪೂರ್ತಿ ಸಿಗದಿದ್ದರೆ ಮನೆಗೇ ಹೋಗಬೇಕು. ಮರುದಿನ ಬೆಳಿಗ್ಗೆ ಬಸ್ ಹತ್ತಿದೆ. ಮಾದಾಪುರದಲ್ಲಿ ಇಳಿದು ಕೇಳಿದರೆ, ಅಂಗಡಿಯವನು 'ಯಾರು, ಕುಡಿದು ಆಸ್ಪತ್ರೆ ಸೇರಿದ್ರಲ್ಲ, ಆ ತಮ್ಮಯ್ಯನವ್ರಾ?' ಅಂದ. ನಾನು ಫಾರಂನಲ್ಲಿ ಬರೆದದ್ದು, ವಾರ್ಡಿನಲ್ಲಿ ಭಾಷಣ ಬಿಗಿದದ್ದು ನನಗಿಂತ ಮುಂಚೆ ಆ ಊರು ಸೇರಿಬಿಟ್ಟಿತ್ತು.

ಮನೆ ಸಿಕ್ಕಿತು. ತಮ್ಮಯ್ಯ ಜಗಲಿಯ ಬೆಂಚಿನಲ್ಲಿ ಕೂತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ಕಣ್ಣು ಅರಿಸಿನ ಹಚ್ಚಿದ ಹಾಗೆ ಹಳದಿ. ಕುಡಿತಕ್ಕೂ ಕಣ್ಣು ಹಳದಿಯಾಗುವುದುಂಟು. ಆದರೆ ಉಂಡಾಗಲೆಲ್ಲ ನೋವು, ಮತ್ತೆ ಈ ಹಳದಿ ಎರಡನ್ನೂ ಕೂಡಿಸಿದರೆ, ಪಿತ್ತದ ನಾಳದಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಮೊದಲ ವರ್ಷದ ನರ್ಸಿಂಗ್ ಹುಡುಗಿಗೂ ಗೊತ್ತು.

'ತಮ್ಮಯ್ಯನವ್ರೇ, ಅವತ್ತು ಕುಡಿದೆ ಅಂದ್ರಲ್ಲ. ಎಷ್ಟು ಕುಡಿದಿದ್ರಿ?' ಅಂದೆ.

ಅವರು ಹೆಬ್ಬೆರಳ ತುದಿಯನ್ನು ಕೆಳತುಟಿಗೆ ಮುಟ್ಟಿಸಿ ತೋರಿಸಿದರು. 'ಇಷ್ಟು. ವರ್ಷಕ್ಕೊಂದು ಸಲ ಹಿರಿಯರಿಗೆ ಬಡಿಸುವ ಕ್ರಮ ಉಂಟಲ್ಲ ನಮ್ಮಲ್ಲಿ. ಎಲೆ ಹಾಕಿ, ಕೋಳಿ ಸಾರು, ಬ್ರಾಂದಿ ಎಲ್ಲ ಇಟ್ಟು ಕೈಮುಗೀತೇವೆ. ಆಮೇಲೆ ಮನೆಗೆ ದೊಡ್ಡವ ಆದವ ಮೊದಲು ತುಟಿಗೆ ಮುಟ್ಟಿಸ್ಬೇಕು. ಅಪ್ಪ ಹೋದ ಮೇಲೆ ನಾನೇ ದೊಡ್ಡವ. ಬೇರೆ ದಿನ ನಾನು ಮುಟ್ಟೂದಿಲ್ಲೆ. ಅಪ್ಪ ಕುಡಿದೇ ಹೋದದ್ದು, ಅವತ್ತೇ ಆಣೆ ಹಾಕಿದ್ದೆ.'

'ಮತ್ಯಾಕೆ ಹೌದು ಅಂದ್ರಿ ನೀವು?' ನಾನು ಹೆಚ್ಚುಕಮ್ಮಿ ಕಿರುಚಿದೆ.

'ಕುಡಿದಿದ್ದೀರಾ ಅಂತ ಕೇಳಿದ್ರಿ. ಹಿರಿಯರ ಎದುರು ಮುಟ್ಟಿದ್ದನ್ನ ಇಲ್ಲೆ ಅಂತ ಹೇಗೆ ಹೇಳುದು? ನೀವು ಎಷ್ಟು ಅಂತ ಕೇಳಿದ್ರೆ ಹೇಳ್ತಿದ್ದೆ. ಕೇಳ್ಲಿಲ್ಲ.'

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ದೂರುವ ಹಾಗೂ ಇರಲಿಲ್ಲ ಆ ದನಿ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅಷ್ಟು ಹೇಳಿ ಮುಗಿಸುವುದರೊಳಗೆ ಅವರ ಮುಖ ಕಿವುಚಿಕೊಂಡಿತು. ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿದರು, ಹಣೆ ಮೊಣಕಾಲಿಗೆ ತಾಗುವಷ್ಟು. ಲೀಲಕ್ಕ ಒಳಗಿನಿಂದ ಓಡಿ ಬಂದರು. ನಾನು ನೋಡಿ ನೋಡಿ ಹೆದರಿದ್ದ ಅದೇ ಬಾಗುವಿಕೆ. ಎರಡನೇ ಸಲ ಶುರುವಾಗಿತ್ತು.

ತಮ್ಮಯ್ಯನವರ ತಮ್ಮ ಧರ್ಮಪ್ಪ ಪಕ್ಕದ ಮನೆಯವರು, ಜೀಪ್ ಇತ್ತು. ಹತ್ತು ನಿಮಿಷದಲ್ಲಿ ಹೊರಟೆವು. ಆ ರಸ್ತೆಯ ತಿರುವು ನಿಮಗೆ ಗೊತ್ತಲ್ಲ, ಒಂದೊಂದು ತಿರುವಿಗೂ ಅವರು ನರಳುವುದು, ಲೀಲಕ್ಕ ಬೆನ್ನು ನೀವುವುದು. ನಾನು ನಾಡಿ ಹಿಡಿದು ಕೂತಿದ್ದೆ. ಓಡುತ್ತಿತ್ತು ಅದು. ಉಸಿರು ಎಣಿಸಿದೆ, ಜಾಸ್ತಿ. ಮತ್ತೆ ಎಣಿಸಿದೆ, ಇನ್ನೂ ಜಾಸ್ತಿ. ದೇವರೇ, ಇದೊಂದು ಜೀವ ಉಳಿಸಿಕೊಡು, ಇನ್ನು ಜನ್ಮದಲ್ಲಿ ಅಂದಾಜು ಬರೆಯುವುದಿಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಧರ್ಮಪ್ಪ ಒಂದು ಸಲ ಹಿಂತಿರುಗಿ, 'ಅಣ್ಣ ಮತ್ತೆ ಕುಡಿದ್ರಾ ಅತ್ತಿಗೆ?' ಅಂತ ಕೇಳಿದರು. ಒಡಹುಟ್ಟಿದ ತಮ್ಮನೂ ನಂಬಿಬಿಟ್ಟಿದ್ದರು. ಲೀಲಕ್ಕ ನನ್ನನ್ನು ನೋಡಿದರು.

ಕ್ಯಾಶುವಾಲ್ಟಿಯಲ್ಲಿ ಇದ್ದದ್ದು ಡಿಸ್ಚಾರ್ಜ್ ಮಾಡಿದ್ದ ಅದೇ ಚಿಕ್ಕ ಡಾಕ್ಟರ್. ಹಳೆಯ ಫೈಲ್ ತೆರೆದರು. 'ಓ, ಆಲ್ಕೋಹಾಲ್ ಕೇಸು. ಮನೆಗೆ ಹೋಗಿ ಮತ್ತೆ ಶುರು ಹಚ್ಕೊಂಡಿದ್ದಾರೆ, ನೋಡಿ ಕಣ್ಣು, ಲಿವರ್ ಹೋಗಿದೆ. ಡ್ರಿಪ್ ಹಾಕಿ ವಾರ್ಡಿಗೆ ಕಳಿಸಿ, ಸ್ಕ್ಯಾನಿಂಗ್ ನಾಳೆ ನೋಡೋಣ' ಅಂದರು.

ನಾಳೆ ಅನ್ನುವುದು ತಡವಾಗುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಒಂದು ಗಳಿಗೆ ನನ್ನ ನಾಲಿಗೆ ಏಳಲಿಲ್ಲ. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನಾನು ಯೋಚಿಸಿದ್ದು ನನ್ನನ್ನೇ. ಇಷ್ಟು ವರ್ಷದ ಹೆಸರು, ಇನ್ನು ಒಂದೂವರೆ ವರ್ಷದ ಸರ್ವಿಸು. ಸುತ್ತ ಜೂನಿಯರ್ ನರ್ಸುಗಳು, ಅಟೆಂಡರುಗಳು, ತಮ್ಮಯ್ಯನವರ ಮನೆಯವರು. ಆಮೇಲೆ ತಮ್ಮಯ್ಯ ಇನ್ನೊಂದು ಸಲ ನರಳಿದರು.

'ಸಾರ್, ಆ ಫೈಲಲ್ಲಿ ಇರೋದು ಸುಳ್ಳು. ಇವ್ರು ಕುಡಿಯೋರಲ್ಲ. ನಾನು ಕೇಳದೆ ಬರೆದದ್ದು. ಇದು ಕಲ್ಲು ಸಾರ್, ಈಗಲೇ ಸ್ಕ್ಯಾನಿಂಗ್ ಮಾಡಿಸಿ' ಅಂದೆ.

ಎಲ್ಲರೂ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು. ಅರ್ಧ ಗಂಟೆಯಲ್ಲಿ ಸ್ಕ್ಯಾನಿಂಗ್ ಆಯಿತು. ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು, ಒಂದು ಜಾರಿ ನಾಳದ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಮೊದಲ ಸಲವೇ ನೋಡಿದ್ದರೆ ಆಗಲೇ ಪಿತ್ತಕೋಶ ತೆಗೆದು, ಈ ಎರಡನೇ ಸಲ ಬಾರದ ಹಾಗೆ ಮಾಡಬಹುದಿತ್ತು. ಬಾಯಿಯಿಂದ ಕೊಳವೆ ಇಳಿಸಿ ಕಲ್ಲು ತೆಗೆಯುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ, ಮೈಸೂರಿಗೇ ಕಳಿಸಬೇಕು. ಆಂಬುಲೆನ್ಸಿಗೆ ಏರಿಸುವಾಗ ತಮ್ಮಯ್ಯ ಆಕ್ಸಿಜನ್ ಮಾಸ್ಕ್ ಸರಿಸಿ ನನ್ನನ್ನು ಕರೆದರು. ಬಗ್ಗಿದೆ.

'ಇಲ್ಲಿ ಹೇಳಿದ್ರಲ್ಲ ಸಿಸ್ಟರ್, ಅದನ್ನ ನಮ್ಮ ಊರಲ್ಲೂ ಹೇಳ್ಬೇಕು.'

'ಹೇಳ್ತೀನಿ. ನೀವು ಹುಷಾರಾಗಿ ಬನ್ನಿ, ನಿಮ್ಮ ಪಕ್ಕದಲ್ಲೇ ನಿಂತು ಹೇಳ್ತೀನಿ' ಅಂದೆ.

ಡಾಕ್ಟರ್ ಶ್ರೀಪತಿ ವಿಷಯ ಕೇಳಿ ಕನ್ನಡಕ ತೆಗೆದರು. ಆಮೇಲೆ ಆ ಫಾರಂ ನನ್ನ ಮುಂದಿಟ್ಟು, 'ಒಂದೇ ಗೆರೆ ಎಳೆದು ತಿದ್ದಿ. ಮೊದಲು ಬರೆದದ್ದು ಕಾಣ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ, ತಾರೀಕು ಹಾಕಿ' ಅಂದರು. ಗೆರೆ ಎಳೆದು, ಪಕ್ಕದಲ್ಲಿ ಕಲ್ಲು ಅಂತ ಬರೆದು ಸಹಿ ಹಾಕಿದೆ. ಹೋಗಿ ಅಂದರು. ಬಾಗಿಲ ಹತ್ತಿರ ಹೋದಾಗ, 'ಆ ಸ್ಕ್ಯಾನಿಂಗ್ ಬೇಡ ಅಂದಾಗ ನಾನೂ ಸಹಿ ಹಾಕಿದ್ದೆ ಸಿಸ್ಟರ್' ಅಂದರು. ಅದು ನನಗೆ ಸಮಾಧಾನ ಆಗಲಿ ಅಂತ ಹೇಳಿದ್ದೋ, ಅವರಿಗೂ ಭಯವಾಗಿತ್ತೋ, ಇವತ್ತಿಗೂ ತಿಳಿಯದು.

ಮೈಸೂರಿನಲ್ಲಿ ಮರುದಿನವೇ ಕಲ್ಲು ತೆಗೆದರು. ಅಷ್ಟರಲ್ಲಿ ಗ್ರಂಥಿ ಬಹುಪಾಲು ಸತ್ತಿತ್ತು, ಸೋಂಕು ಏರಿತು, ಕಿಡ್ನಿ ನಿಂತಿತು. ನಾನು ದಿನಾ ಧರ್ಮಪ್ಪನವರಿಗೆ ಫೋನ್ ಮಾಡುತ್ತಿದ್ದೆ. ಒಂದು ದಿನ ಕಣ್ಣು ಬಿಟ್ಟರು ಅನ್ನುವರು, ನನಗೆ ಅವತ್ತು ಊಟ ಸೇರುವುದು. ಮಾರನೇ ದಿನ ಮತ್ತೆ ಉಸಿರಿನ ಮಶಿನ್ ಹಾಕಿದ್ದಾರೆ ಅನ್ನುವರು. ಹನ್ನೊಂದನೇ ದಿನ ಧರ್ಮಪ್ಪನವರೇ ಫೋನ್ ಮಾಡಿದರು. ಅವರು ಮಾತು ಶುರು ಮಾಡುವ ಮುಂಚೆಯೇ ನಾನು ಅಳುತ್ತಿದ್ದೆ.

ತಮ್ಮಯ್ಯನವರ ತಿಥಿಯ ದಿನ ಹೋದೆ. ನಮ್ಮ ಮನೆಯಲ್ಲಿ ಎಲ್ಲರೂ ಬೇಡ ಅಂದರು. ಊರವರು ಸೇರಿರುವಾಗ ಹೋಗಿ ಏನೇನು ಅನ್ನಿಸಿಕೊಂಡು ಬರ್ತೀಯ ಅಂತ ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತರು. ನನಗೂ ಬಸ್ಸಿನಲ್ಲಿ ಕೂತಾಗ ಅರ್ಧ ದಾರಿಯಲ್ಲೇ ಇಳಿದುಬಿಡೋಣ ಅನ್ನಿಸಿತ್ತು. ಅವರ ಪಕ್ಕದಲ್ಲಿ ನಿಂತು ಹೇಳುತ್ತೇನೆ ಅಂದಿದ್ದೆ, ಅವರಿಲ್ಲದೆ ಹೋಗಿ ನಿಂತೆ. ಅಂಗಳದ ತುಂಬ ಜನ. ಮೊದಲ ಪಂಕ್ತಿಯ ಊಟ ಇನ್ನೂ ಶುರುವಾಗಿರಲಿಲ್ಲ. ಲೀಲಕ್ಕ ಜಗಲಿಯಲ್ಲಿ ಕೂತಿದ್ದರು, ನನ್ನನ್ನು ನೋಡಿ ಏಳಲೂ ಇಲ್ಲ, ಹೋಗಿ ಅನ್ನಲೂ ಇಲ್ಲ.

'ನಾನು ಆಸ್ಪತ್ರೆಯ ನರ್ಸು. ತಮ್ಮಯ್ಯನವ್ರು ಕುಡಿದು ಸತ್ತದ್ದಲ್ಲ. ಅವ್ರ ಪಿತ್ತಕೋಶದಲ್ಲಿ ಕಲ್ಲಿತ್ತು. ವರ್ಷಕ್ಕೊಂದು ಸಲ ಹಿರಿಯರ ಮುಂದೆ ತುಟಿಗೆ ಮುಟ್ಟಿಸಿದ್ದನ್ನ ಅವ್ರು ಸತ್ಯವಾಗಿ ಹೇಳಿದ್ರು. ನಾನು ಎಷ್ಟು ಅಂತ ಕೇಳದೆ, ದಿನಾ ಕುಡೀತಾರೆ ಅಂತ ಬರ್ಕೊಂಡೆ. ಅದನ್ನ ನೋಡಿ ಕಲ್ಲನ್ನ ಯಾರೂ ಹುಡುಕಲಿಲ್ಲ. ತಪ್ಪು ನಂದು' ಅಂದೆ. ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದ್ದು ಇನ್ನೂ ಉದ್ದ ಇತ್ತು, ಉಳಿದದ್ದು ಮರೆತುಹೋಯಿತು.

ವಯಸ್ಸಾದವರೊಬ್ಬರು ಟವಲಿನಿಂದ ಕಣ್ಣೊರೆಸಿಕೊಂಡರು. ಲೀಲಕ್ಕ ಸೆರಗು ಮುಖಕ್ಕೆ ಮುಚ್ಚಿಕೊಂಡು ಜೋರಾಗಿ ಅಳತೊಡಗಿದರು. ಅಂಗಳದ ಆ ತುದಿಯಿಂದ ಧರ್ಮಪ್ಪ ಎದ್ದು ಬಂದು ನನ್ನ ಮುಂದೆ ನಿಂತರು. ಹೊಡೆಯುತ್ತಾರೇನೋ ಅಂತ ನಾನು ಕಣ್ಣು ಮುಚ್ಚಿಕೊಂಡೆ.

'ಸಿಸ್ಟರ್, ನಮ್ಮಣ್ಣನದ್ದಾಯ್ತು' ಅಂದರು, ಬಹಳ ಮೆಲ್ಲಗೆ. 'ಇನ್ನೂ ಎಷ್ಟು ಜನರದ್ದು ಹೀಗೆ ಬರ್ದಿದ್ದೀರಿ ನೀವು?'

ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋದವಳೇ ಕಪಾಟಿನ ಬೀಗ ತೆಗೆದು, ಕುಡಿತ ಅಂತ ಬರೆದಿದ್ದ ಫಾರಂಗಳನ್ನೆಲ್ಲ ಹೊರಗೆಳೆದು ಮೇಜಿನ ಮೇಲೆ ಹರಡಿದೆ. ಕೇಳಿ ಬರೆದದ್ದು ಯಾವುದು, ಅಂದಾಜಿನಲ್ಲಿ ತುಂಬಿಸಿದ್ದು ಯಾವುದು ಅಂತ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ನನಗೇ ಗುರುತು ಸಿಗಲಿಲ್ಲ. ಎಲ್ಲವೂ ನನ್ನದೇ ಅಕ್ಷರ, ಒಂದೂ ಮನೆ ಖಾಲಿ ಇಲ್ಲ.